ಕೊನೆಯ ಸ್ಕ್ರೂ ಬಿಗಿದ ಊರು: ಆಮದು ಸುಂಕ, ಫೋನಿನ ಬೆಲೆ ಮತ್ತು ಕಾರ್ಖಾನೆಗಳ ವಲಸೆ

2024ರ ಜುಲೈ 23ರಂದು ಮಂಡನೆಯಾದ ಕೇಂದ್ರ ಬಜೆಟ್ಟಿನಲ್ಲಿ ಮೊಬೈಲ್ ಫೋನಿನ ಮೇಲಿನ ಮೂಲ ಸೀಮಾ ಸುಂಕವನ್ನು ಶೇ 20ರಿಂದ ಶೇ 15ಕ್ಕೆ ಇಳಿಸಲಾಯಿತು. ಕೆಲವೇ ದಿನಗಳಲ್ಲಿ ಆಪಲ್ ಕಂಪನಿ ಭಾರತದ ತನ್ನ ದರಪಟ್ಟಿಯನ್ನು ತಿದ್ದಿತು. ಐಫೋನ್ 15 ಪ್ರೊ ₹1,34,900ರಿಂದ ₹1,29,800ಕ್ಕೆ, ಅಂದರೆ ₹5,100ರಷ್ಟು ಇಳಿಯಿತು. ಆದರೆ ಅಂಗಡಿಯಲ್ಲಿ ಅದರ ಪಕ್ಕದಲ್ಲೇ ಇದ್ದ ಐಫೋನ್ 15ರ ಬೆಲೆ ಇಳಿದದ್ದು ಬರೀ ₹300. ಒಂದೇ ಕಂಪನಿ, ಒಂದೇ ತಲೆಮಾರಿನ ಫೋನು, ಒಂದೇ ಬಜೆಟ್ಟು. ಆದರೂ ಇಷ್ಟು ಅಂತರ. ಕಾರಣ ಸರಳವಾಗಿತ್ತು: ಪ್ರೊ ಮಾದರಿಗಳು ಆಗ ಹೊರದೇಶದಿಂದ ಬರುತ್ತಿದ್ದವು, ಸಾದಾ ಮಾದರಿಯ ಜೋಡಣೆ ಭಾರತದಲ್ಲೇ ನಡೆಯುತ್ತಿತ್ತು. ಆಮದಾಗದ ಫೋನಿಗೆ ಆಮದು ಸುಂಕದ ಇಳಿಕೆ ತಟ್ಟುವುದು ಬಿಡಿಭಾಗಗಳ ಮೂಲಕ ಮಾತ್ರ.

ಇನ್ನೊಂದು ವಿಷಯವನ್ನು ಗಮನಿಸಬೇಕು. ಸುಂಕ ಐದು ಶೇಕಡಾ ಅಂಶಗಳಷ್ಟು ಇಳಿದರೂ ಪ್ರೊ ಮಾದರಿಯ ಬೆಲೆ ಇಳಿದದ್ದು ಶೇ 4ಕ್ಕೂ ಕಡಿಮೆ. ಸುಂಕದ ದರಕ್ಕೂ ಅಂಗಡಿಯ ಬೆಲೆಗೂ ನಡುವೆ ಇರುವ ದಾರಿ ನೇರವಾಗಿಲ್ಲ. ಆ ದಾರಿಯಲ್ಲಿ ಏನೇನಾಗುತ್ತದೆ ಎಂಬುದನ್ನು ತಿಳಿದರೆ, ಕಾರ್ಖಾನೆಗಳು ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಏಕೆ ಹೋಗುತ್ತವೆ, ಹೋಗುವಾಗ ಏನನ್ನು ಹಿಂದೆಯೇ ಬಿಟ್ಟು ಹೋಗುತ್ತವೆ ಎಂಬುದೂ ತಿಳಿಯುತ್ತದೆ.

ಸುಂಕ ಬೀಳುವುದು ಯಾವುದರ ಮೇಲೆ

ಆಮದು ಸುಂಕವನ್ನು ಲೆಕ್ಕ ಹಾಕುವುದು ಅಂಗಡಿಯ ಬೆಲೆಯ ಮೇಲಲ್ಲ, ಬಂದರಿನಲ್ಲೋ ವಿಮಾನ ನಿಲ್ದಾಣದಲ್ಲೋ ಕಸ್ಟಮ್ಸ್ ಇಲಾಖೆಗೆ ಘೋಷಿಸಿದ ಮೌಲ್ಯದ ಮೇಲೆ. ಭಾರತದಲ್ಲಿ ಈ ಮೌಲ್ಯವೆಂದರೆ ಸರಕಿನ ದರ, ಸಾಗಣೆ ವೆಚ್ಚ ಮತ್ತು ವಿಮೆಯ ಮೊತ್ತ. ಸರಕು ಗಡಿ ದಾಟಿದ ಮೇಲೆ ಸೇರುವ ಜಾಹೀರಾತಿನ ಖರ್ಚು, ವಿತರಕರ ಪಾಲು, ಅಂಗಡಿಯ ಬಾಡಿಗೆ, ಮಾರಾಟಗಾರನ ಲಾಭ ಇವಾವುವೂ ಅದರಲ್ಲಿ ಸೇರುವುದಿಲ್ಲ. ಅಂಗಡಿಯಲ್ಲಿ ₹60,000ಕ್ಕೆ ಮಾರುವ ವಸ್ತುವೊಂದರ ಘೋಷಿತ ಮೌಲ್ಯ ₹30,000 ಎಂದುಕೊಂಡರೆ, ಶೇ 20ರ ಸುಂಕ ₹6,000 ಆಗುತ್ತದೆ. ಅದು ಗಿರಾಕಿ ಕೊಡುವ ಬೆಲೆಯ ಶೇ 10 ಮಾತ್ರ. "ಶೇ 20 ಸುಂಕ ಬಂತು, ಬೆಲೆಯೂ ಶೇ 20 ಏರುತ್ತದೆ" ಎಂಬ ಲೆಕ್ಕ ಆದ್ದರಿಂದ ತಪ್ಪು.

ಹಾಗೆಂದು ಸುಂಕದ ಪರಿಣಾಮ ಸುಂಕದ ಮೊತ್ತಕ್ಕೇ ನಿಲ್ಲುತ್ತದೆ ಎಂದೂ ಅಲ್ಲ. ಕಸ್ಟಮ್ಸ್ ಮೌಲ್ಯ ₹50,000 ಇರುವ ಫೋನೊಂದು ಶೇ 15ರ ದರದಲ್ಲಿ ಭಾರತಕ್ಕೆ ಬರುತ್ತದೆ ಎಂದುಕೊಳ್ಳೋಣ. ಮೂಲ ಸುಂಕ ₹7,500. ಆ ಸುಂಕದ ಶೇ 10ರಷ್ಟು ಸಮಾಜ ಕಲ್ಯಾಣ ಸರ್ಚಾರ್ಜ್, ಅಂದರೆ ₹750. ಈಗ ಮೊತ್ತ ₹58,250. ಆಮದಿಗೆ ಹಾಕುವ ಜಿಎಸ್‌ಟಿಯಾದ ಶೇ 18ರ ಐಜಿಎಸ್‌ಟಿ ಬೀಳುವುದು ಈ ಪೂರ್ತಿ ಮೊತ್ತದ ಮೇಲೆ: ₹10,485. ಒಟ್ಟು ₹68,735. ಸುಂಕವೇ ಇಲ್ಲದಿದ್ದರೆ ಇದೇ ಫೋನು ಜಿಎಸ್‌ಟಿ ಸೇರಿ ₹59,000 ಆಗುತ್ತಿತ್ತು. ವ್ಯತ್ಯಾಸ ₹9,735, ಅದರಲ್ಲಿ ₹1,485 ತೆರಿಗೆಯ ಮೇಲೆ ಬಿದ್ದ ತೆರಿಗೆ. ಇದಾದ ಮೇಲೆ ವಿತರಕನೂ ಅಂಗಡಿಯವನೂ ತಮ್ಮ ಪಾಲನ್ನು ಶೇಕಡಾವಾರು ಲೆಕ್ಕದಲ್ಲಿ ತೆಗೆದುಕೊಂಡರೆ, ಸುಂಕದ ಮೇಲೂ ಅವರ ಲಾಭ ಸೇರುತ್ತದೆ. ಸುಂಕ ಚಿಕ್ಕದಾಗಿ ಹುಟ್ಟಿ ದಾರಿಯುದ್ದಕ್ಕೂ ಮೈ ತುಂಬಿಕೊಳ್ಳುತ್ತದೆ.

ಈ ಹಣವನ್ನು ಕಟ್ಟುವವರು ಯಾರು? ಕಾನೂನಿನ ಪ್ರಕಾರ ಆಮದುದಾರ. ಚೀನಾದ ಸರಕಿನ ಮೇಲೆ ಅಮೆರಿಕ ಸುಂಕ ಹಾಕಿದಾಗ ಅದನ್ನು ಚೀನಾ ಸರ್ಕಾರವಾಗಲಿ ಚೀನಾದ ಕಾರ್ಖಾನೆಯಾಗಲಿ ಅಮೆರಿಕದ ಖಜಾನೆಗೆ ಕಟ್ಟುವುದಿಲ್ಲ. ಸರಕು ತರಿಸಿದ ಅಮೆರಿಕದ ಕಂಪನಿ ಕಟ್ಟುತ್ತದೆ. ರಾಜಕೀಯ ಭಾಷಣಗಳಲ್ಲಿ ಇದನ್ನು ಎಷ್ಟು ಸಲ ತಿರುಚಲಾಗಿದೆಯೆಂದರೆ, ಮತ್ತೊಮ್ಮೆ ಹೇಳಿದರೂ ತಪ್ಪಿಲ್ಲ. ಕಟ್ಟುವವನು ಆಮದುದಾರನೆಂಬುದು ಖಚಿತ. ಕೊನೆಗೆ ಭಾರ ಹೊರುವವರು ಯಾರೆಂಬುದು ಮಾತ್ರ ಚೌಕಾಸಿಯ ವಿಷಯ. ಕಾರ್ಖಾನೆ ತನ್ನ ದರವನ್ನು ಇಳಿಸಬಹುದು, ರಫ್ತು ಮಾಡುವ ದೇಶದ ಹಣದ ಬೆಲೆ ಕುಸಿದು ಭಾರ ಹಗುರಾಗಬಹುದು, ಆಮದುದಾರ ಅಥವಾ ಅಂಗಡಿ ಲಾಭವನ್ನು ಬಿಟ್ಟುಕೊಡಬಹುದು, ಇಲ್ಲವೇ ಗಿರಾಕಿ ಹೆಚ್ಚು ತೆರಬಹುದು.

2018 ಮತ್ತು 2019ರಲ್ಲಿ ಅಮೆರಿಕ ಚೀನಾದ ಸರಕುಗಳ ಮೇಲೆ ಕಂತುಕಂತಾಗಿ ಸುಂಕ ಏರಿಸಿದಾಗ ಈ ಚೌಕಾಸಿಯ ಫಲವನ್ನು ಅರ್ಥಶಾಸ್ತ್ರಜ್ಞರು ಹತ್ತಿರದಿಂದ ಅಳೆದರು. ಮೈಸೂರಿನಲ್ಲಿ ಶಾಲೆ ಕಲಿತ ಗೀತಾ ಗೋಪಿನಾಥ್ ತಮ್ಮ ಸಹಲೇಖಕರೊಡನೆ ನಡೆಸಿದ ಅಧ್ಯಯನ ಅವುಗಳಲ್ಲಿ ಮುಖ್ಯವಾದದ್ದು. ಅವರು ಬೆಲೆಯನ್ನು ಗಡಿಯಲ್ಲಿ ಒಮ್ಮೆ, ಅಂಗಡಿಯಲ್ಲಿ ಮತ್ತೊಮ್ಮೆ ನೋಡಿದರು. ಗಡಿಯಲ್ಲಿ ಚೀನಾದ ರಫ್ತುದಾರರು ದರವನ್ನು ಬಹುತೇಕ ಇಳಿಸಿರಲಿಲ್ಲ. ಸುಂಕದ ಹೆಚ್ಚುಕಡಿಮೆ ಪೂರ್ತಿ ಭಾರ ಅಮೆರಿಕದ ಆಮದುದಾರರ ಮೇಲೆ ಬಿದ್ದಿತ್ತು. ಅಂಗಡಿಯಲ್ಲಿ ಮಾತ್ರ ಬೆಲೆ ಅಷ್ಟು ಏರಿರಲಿಲ್ಲ. ನಡುವಿನವರು ಲಾಭವನ್ನು ಕಡಿಮೆ ಮಾಡಿಕೊಂಡಿದ್ದರು, ಸುಂಕಕ್ಕೆ ಮುಂಚೆಯೇ ತರಿಸಿದ ದಾಸ್ತಾನಿನಿಂದ ಕೆಲಕಾಲ ದಿನ ದೂಡಿದ್ದರು. ಅಂದರೆ ಸುಂಕದ ಬಿಸಿ ಗಿರಾಕಿಗೆ ತಟ್ಟುವುದು ತಡವಾಗಿ, ವಸ್ತುವಿನಿಂದ ವಸ್ತುವಿಗೆ ಬೇರೆಬೇರೆ ಪ್ರಮಾಣದಲ್ಲಿ.

ಸುಂಕವಿಲ್ಲದ ಡ್ರೈಯರ್ ಏಕೆ ತುಟ್ಟಿಯಾಯಿತು

ಪೂರ್ತಿಯಾಗಿ ತಟ್ಟಿದ ಉದಾಹರಣೆಯೂ ಆ ವರ್ಷಗಳಲ್ಲೇ ಇದೆ, ಅದು ವಾಷಿಂಗ್ ಮೆಷೀನಿನದು. 2018ರ ಜನವರಿಯಲ್ಲಿ ಅಮೆರಿಕ ಆಮದು ವಾಷಿಂಗ್ ಮೆಷೀನುಗಳ ಮೇಲೆ ವಿಶೇಷ ಸುಂಕ ಘೋಷಿಸಿತು. ವರ್ಷದ ಮೊದಲ 12 ಲಕ್ಷ ಯಂತ್ರಗಳಿಗೆ ಶೇ 20, ಅದನ್ನು ಮೀರಿದವಕ್ಕೆ ಶೇ 50. ಇದು ಯಾವುದೋ ಒಂದು ದೇಶದ ಮೇಲಿನ ಸುಂಕವಾಗಿರದೆ ಹೆಚ್ಚಿನ ಎಲ್ಲ ದೇಶಗಳಿಗೂ ಅನ್ವಯಿಸಿದ್ದರಿಂದ, ಕಂಪನಿಗಳಿಗೆ ಬೇರೊಂದು ದೇಶದಿಂದ ತರಿಸುವ ದಾರಿಯೂ ಉಳಿಯಲಿಲ್ಲ.

ಅಮೆರಿಕದ ಕೇಂದ್ರ ಬ್ಯಾಂಕ್ ಮತ್ತು ಶಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು ಲೆಕ್ಕ ಹಾಕಿದಾಗ ವಾಷಿಂಗ್ ಮೆಷೀನುಗಳ ಬೆಲೆ ಸುಮಾರು ಶೇ 12ರಷ್ಟು, ಅಂದರೆ ಒಂದಕ್ಕೆ 86 ಡಾಲರಿನಷ್ಟು ಏರಿತ್ತು. ಸೋಜಿಗದ ಸಂಗತಿಗಳು ಎರಡು. ಮೊದಲನೆಯದಾಗಿ, ಸುಂಕ ತೆರಬೇಕಿಲ್ಲದ ಸ್ವದೇಶಿ ಕಂಪನಿಗಳ ಯಂತ್ರಗಳೂ ತುಟ್ಟಿಯಾದವು. ಎದುರಾಳಿಯ ಬೆಲೆ ಏರಿದಾಗ ತಾನು ಮಾತ್ರ ಹಳೆಯ ಬೆಲೆಗೆ ಮಾರಲು ವ್ಯಾಪಾರಿಗೆ ಯಾವ ಹಂಗೂ ಇರುವುದಿಲ್ಲ. ಎರಡನೆಯದಾಗಿ, ಸುಂಕದ ಪಟ್ಟಿಯಲ್ಲೇ ಇರದ ಬಟ್ಟೆ ಒಣಗಿಸುವ ಡ್ರೈಯರುಗಳ ಬೆಲೆಯೂ 92 ಡಾಲರಿನಷ್ಟು ಮೇಲೆ ಹೋಯಿತು. ಅಮೆರಿಕದಲ್ಲಿ ಜನ ಇವೆರಡನ್ನೂ ಜೋಡಿಯಾಗಿ ಕೊಳ್ಳುತ್ತಾರೆ; ಅಂಗಡಿಯವರು ಏರಿಕೆಯನ್ನು ಎರಡರ ಮೇಲೂ ಹಂಚಿಬಿಟ್ಟರು.

ಸುಂಕದ ಉದ್ದೇಶ ವಿಫಲವಾಯಿತೇ ಎಂದರೆ, ಇಲ್ಲ. ಸ್ಯಾಮ್‌ಸಂಗ್ ದಕ್ಷಿಣ ಕೆರೊಲಿನಾದಲ್ಲಿ, ಎಲ್‌ಜಿ ಟೆನೆಸಿಯಲ್ಲಿ ಕಾರ್ಖಾನೆ ನಡೆಸತೊಡಗಿದವು. ಸುಮಾರು 1,800 ಹೊಸ ಉದ್ಯೋಗಗಳು ಹುಟ್ಟಿದವು. ಆದರೆ ಅದೇ ಸಂಶೋಧಕರ ಪ್ರಕಾರ ಗಿರಾಕಿಗಳು ವರ್ಷಕ್ಕೆ ಹೆಚ್ಚುವರಿಯಾಗಿ ತೆತ್ತ ಹಣ ಸುಮಾರು 150 ಕೋಟಿ ಡಾಲರ್, ಖಜಾನೆಗೆ ಬಂದ ಸುಂಕ ಕೇವಲ 8.2 ಕೋಟಿ ಡಾಲರ್. ಒಂದೊಂದು ಉದ್ಯೋಗಕ್ಕೆ 8 ಲಕ್ಷ ಡಾಲರಿಗೂ ಹೆಚ್ಚು ಖರ್ಚಾದಂತಾಯಿತು. ಉದ್ಯೋಗ ಸಿಕ್ಕವರ ಫೋಟೊ ಪತ್ರಿಕೆಯಲ್ಲಿ ಬರುತ್ತದೆ. 86 ಡಾಲರ್ ಹೆಚ್ಚು ತೆತ್ತವರದು ಬರುವುದಿಲ್ಲ.

ಬೆಲೆ ಏರುವ ಬೇರೆಬೇರೆ ವೇಷಗಳು

2025 ಈ ಎಲ್ಲ ತಂತ್ರಗಳನ್ನೂ ಒಟ್ಟಿಗೆ ತೋರಿಸಿದ ವರ್ಷ. ಫೆಬ್ರುವರಿಯಲ್ಲಿ ಚೀನಾದ ಎಲ್ಲ ಸರಕಿನ ಮೇಲೆ ಅಮೆರಿಕದಲ್ಲಿ ಶೇ 10ರ ಹೆಚ್ಚುವರಿ ಸುಂಕ ಬಂತು, ಮಾರ್ಚಿನಲ್ಲಿ ಅದು ಶೇ 20 ಆಯಿತು. ಏಪ್ರಿಲ್ 2ರಂದು ಅಮೆರಿಕ ಬಹುತೇಕ ಎಲ್ಲ ದೇಶಗಳ ಮೇಲೆ "ಪ್ರತಿಸುಂಕ" ಘೋಷಿಸಿದ ನಂತರ ಚೀನಾ ಮತ್ತು ಅಮೆರಿಕ ಎರಡೂ ಪೈಪೋಟಿಗೆ ಬಿದ್ದು, ಹೆಚ್ಚುವರಿ ಸುಂಕ ಒಂದೆರಡು ವಾರಗಳಲ್ಲಿ ಶೇ 145ಕ್ಕೆ ಮುಟ್ಟಿತು. ಆ ದರದಲ್ಲಿ ವ್ಯಾಪಾರ ನಡೆಯುವುದಿಲ್ಲ. ಅದು ಸುಂಕಕ್ಕಿಂತ ಹೆಚ್ಚಾಗಿ ನಿಷೇಧ. ಏಪ್ರಿಲ್ 11ರ ರಾತ್ರಿ ಅಮೆರಿಕವೇ ಸ್ಮಾರ್ಟ್‌ಫೋನ್, ಕಂಪ್ಯೂಟರ್ ಮತ್ತಿತರ ಕೆಲವು ಎಲೆಕ್ಟ್ರಾನಿಕ್ ಸರಕುಗಳನ್ನು ಹೊಸ "ಪ್ರತಿಸುಂಕ"ದಿಂದ ಹೊರಗಿಟ್ಟಿತು. ಆದರೆ ಚೀನಾದ ಫೋನುಗಳ ಮೇಲೆ ಮೊದಲಿನ ಶೇ 20 ಉಳಿದೇ ಇತ್ತು. ಭಾರತದಿಂದ ಹೋಗುವ ಫೋನಿಗೆ ಸುಂಕವಿರಲಿಲ್ಲ. ಆಗಸ್ಟಿನಲ್ಲಿ ಭಾರತದ ಜವಳಿ, ಸಿಗಡಿ ಮೊದಲಾದವುಗಳ ಮೇಲಿನ ಹೆಚ್ಚುವರಿ ಸುಂಕ ಶೇ 50ಕ್ಕೆ ಏರಿದಾಗಲೂ ಫೋನು ಆ ಪಟ್ಟಿಯಿಂದ ಹೊರಗೇ ಇತ್ತು. ಮುಂದಿನ ಭಾಗದಲ್ಲಿ ಬರುವ ಕಾರ್ಖಾನೆಗಳ ಕಥೆಯ ಕೀಲಿಕೈ ಈ 20 ಅಂಶಗಳ ಅಂತರದಲ್ಲೇ ಇದೆ.

ಬೆಲೆಯ ಮಾತಿಗೆ ಬಂದರೆ, ಜೂನಿಗೆ ಮುಗಿದ ತ್ರೈಮಾಸಿಕದಲ್ಲಿ ಸುಂಕದಿಂದ ತನಗೆ ಬಿದ್ದ ಹೊರೆ ಸುಮಾರು 80 ಕೋಟಿ ಡಾಲರ್ ಎಂದು ಆಪಲ್ ಹೇಳಿತು. ಆದರೂ ಸೆಪ್ಟೆಂಬರಿನಲ್ಲಿ ಬಂದ ಐಫೋನ್ 17ರ ಅಮೆರಿಕದ ಆರಂಭಿಕ ಬೆಲೆ ಹಿಂದಿನ ವರ್ಷದಂತೆ 799 ಡಾಲರೇ ಆಗಿತ್ತು. ಪ್ರೊ ಮಾದರಿಯ ಆರಂಭಿಕ ಬೆಲೆ ಮಾತ್ರ 999ರಿಂದ 1,099 ಡಾಲರಿಗೆ ಏರಿತು. ಇದನ್ನು ಬೆಲೆ ಏರಿಕೆ ಎನ್ನಬೇಕೇ? ಹಿಂದಿನ ವರ್ಷ 256 ಜಿಬಿಯ ಪ್ರೊ ಮಾದರಿಗೂ 1,099 ಡಾಲರೇ ಇತ್ತು. ಈ ಬಾರಿ ಕಂಪನಿ 128 ಜಿಬಿಯ ಅಗ್ಗದ ಆಯ್ಕೆಯನ್ನು ತೆಗೆದುಹಾಕಿತ್ತು. ಬೆಲೆ ಏರಿತೆನ್ನುವವರೂ ಏರಲಿಲ್ಲವೆನ್ನುವವರೂ ಇಬ್ಬರೂ ಸರಿ.

ಗೇಮ್ ಯಂತ್ರಗಳನ್ನು ಮಾರುವವರಿಗೆ ಇಂಥ ಸೌಕರ್ಯ ಕಡಿಮೆ. ಯಂತ್ರವನ್ನು ತೆಳ್ಳನೆಯ ಲಾಭಕ್ಕೆ ಮಾರಿ ಆಟಗಳಲ್ಲಿ ಹಣ ಮಾಡುವುದು ಆ ವ್ಯವಹಾರದ ರೂಢಿ. ಹಾಗಾಗಿ ಸುಂಕವನ್ನು ನುಂಗಿಕೊಳ್ಳಲು ಯಂತ್ರದ ಬೆಲೆಯಲ್ಲಿ ಜಾಗವೇ ಇರುವುದಿಲ್ಲ. ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನ ಬೆಲೆಯನ್ನು ಅಮೆರಿಕದಲ್ಲಿ ಮೇ ತಿಂಗಳಲ್ಲಿ ನೂರು ಡಾಲರ್ ಏರಿಸಿತು, ಆಗಸ್ಟಿನಲ್ಲಿ ಸೋನಿ ಪ್ಲೇಸ್ಟೇಷನ್ 5ರ ಬೆಲೆಯನ್ನು 50 ಡಾಲರ್ ಏರಿಸಿತು. ನಿಂಟೆಂಡೊ ನಡೆ ಇನ್ನೂ ಕುತೂಹಲದ್ದು. ಹೊಸ ಸ್ವಿಚ್ 2ರ ಬೆಲೆಯನ್ನು ಘೋಷಿಸಿದ್ದ 449.99 ಡಾಲರಿನಲ್ಲೇ ಉಳಿಸಿಕೊಂಡು, ಅದರ ಬಿಡಿ ಉಪಕರಣಗಳ ಬೆಲೆ ಏರಿಸಿತು. ಕೆಲವು ತಿಂಗಳ ಬಳಿಕ, ಎಂಟು ವರ್ಷ ಹಳೆಯದಾದ ಮೊದಲ ಸ್ವಿಚ್ಚಿನ ಬೆಲೆಯನ್ನೂ 40 ಡಾಲರ್ ಏರಿಸಿತು. ಹಳೆಯದಾದಂತೆ ಅಗ್ಗವಾಗುವುದು ಎಲೆಕ್ಟ್ರಾನಿಕ್ ವಸ್ತುಗಳ ಗುಣ. ಆ ಗುಣವನ್ನೂ ಸುಂಕ ಬದಲಿಸಬಲ್ಲದು.

ಆರೂವರೆ ಡಾಲರಿನ ಪಾಠ

ಇನ್ನು ಕಾರ್ಖಾನೆಗಳ ವಿಷಯ. ಫೋನಿಗೆ ದೇಶ ಯಾವುದು? ಅದರ ತೆರೆ ಕೊರಿಯಾದ್ದು, ಕ್ಯಾಮೆರಾ ಸೆನ್ಸರ್ ಜಪಾನಿನದು, ಚಿಪ್ಪಿನ ವಿನ್ಯಾಸ ಅಮೆರಿಕದ್ದು, ಅದನ್ನು ಅಚ್ಚು ಹಾಕಿದ್ದು ತೈವಾನ್ ಇರಬಹುದು. ಕಸ್ಟಮ್ಸ್ ಅಧಿಕಾರಿಗೆ ಮಾತ್ರ ಒಂದೇ ದೇಶದ ಹೆಸರು ಬೇಕು. ಬಿಡಿಭಾಗಗಳು ಸೇರಿ ಬೇರೆಯದೇ ಒಂದು ವಸ್ತುವಾಗಿ ಗಣನೀಯವಾಗಿ ರೂಪಾಂತರಗೊಂಡ ಜಾಗವೇ ಅದರ ಮೂಲ ಎನ್ನುವುದು ಸಾಮಾನ್ಯ ನಿಯಮ. ಫೋನಿನ ಮಟ್ಟಿಗೆ ಅದು ಬಹುತೇಕ ಕೊನೆಯ ಜೋಡಣೆ ನಡೆದ ದೇಶವೇ ಆಗುತ್ತದೆ.

ಈ ನಿಯಮ ಎಷ್ಟು ವಿಚಿತ್ರ ಫಲ ಕೊಡುತ್ತದೆಂಬುದನ್ನು ಟೋಕಿಯೊದ ಏಷ್ಯನ್ ಅಭಿವೃದ್ಧಿ ಬ್ಯಾಂಕ್ ಇನ್‌ಸ್ಟಿಟ್ಯೂಟ್ 2010ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ತೋರಿಸಿತು. 2009ರಲ್ಲಿ ಐಫೋನ್ 3ಜಿಯ ಉತ್ಪಾದನಾ ವೆಚ್ಚ 178.96 ಡಾಲರ್, ಅದರಲ್ಲಿ ಚೀನಾದಲ್ಲಿ ನಡೆದ ಜೋಡಣೆಯ ಪಾಲು 6.50 ಡಾಲರ್. ಉಳಿದದ್ದು ಜಪಾನ್, ಜರ್ಮನಿ, ದಕ್ಷಿಣ ಕೊರಿಯಾ, ಅಮೆರಿಕ ಮೊದಲಾದ ಕಡೆಯ ಬಿಡಿಭಾಗಗಳ ಬೆಲೆ. ಆದರೆ ವ್ಯಾಪಾರದ ಲೆಕ್ಕಪತ್ರದಲ್ಲಿ ಪೂರ್ತಿ 178.96 ಡಾಲರೂ ಚೀನಾದ ರಫ್ತು. ಮುಂದಿನ ವರ್ಷಗಳಲ್ಲಿ ಚೀನಾದ ಕಂಪನಿಗಳೇ ಬ್ಯಾಟರಿ, ಹೊರಕವಚ, ಕ್ಯಾಮೆರಾ ಮಾಡ್ಯೂಲುಗಳನ್ನು ಮಾಡತೊಡಗಿ ಆ ಪಾಲು ಬಹಳ ಬೆಳೆಯಿತು, ಆ ಮಾತು ಬೇರೆ. ಇಲ್ಲಿ ಮುಖ್ಯವಾದದ್ದು ತರ್ಕ: ಸುಂಕ ಬೀಳುವುದು ವಸ್ತುವಿನ ಪೂರ್ತಿ ಮೌಲ್ಯದ ಮೇಲೆ, ಅದನ್ನು ತಪ್ಪಿಸಿಕೊಳ್ಳಲು ಜಾಗ ಬದಲಿಸಬೇಕಾದದ್ದು ಕೊನೆಯ ಹಂತವನ್ನು ಮಾತ್ರ. ಸಣ್ಣ ಹೆಜ್ಜೆಗೆ ದೊಡ್ಡ ಉಳಿತಾಯ. ಆದ್ದರಿಂದಲೇ ಸುಂಕಕ್ಕೆ ಹೆದರಿದ ಕಂಪನಿ ಮೊದಲು ಎತ್ತಿಕೊಂಡು ಹೋಗುವುದು ಸ್ಕ್ರೂ ಬಿಗಿಯುವ ಮೇಜನ್ನು. ಹಿಂದೆ ಉಳಿಯುವುದು ಬಿಡಿಭಾಗಗಳ ಕಾರ್ಖಾನೆ, ಯಂತ್ರಗಳನ್ನು ಮಾಡುವ ಕಾರ್ಖಾನೆ, ಅವುಗಳ ಸುತ್ತ ಬೆಳೆದ ಕಸುಬು.

ವಲಸೆಗೆ ಸುಂಕವೊಂದೇ ಕಾರಣವಲ್ಲ ಎಂಬುದನ್ನೂ ಹೇಳಬೇಕು. ಸ್ಯಾಮ್‌ಸಂಗ್ ವಿಯೆಟ್ನಾಮಿನ ಬಾಕ್ ನಿನ್ ಪ್ರಾಂತ್ಯದಲ್ಲಿ ಫೋನು ಮಾಡತೊಡಗಿದ್ದು 2009ರಲ್ಲಿ, ಸುಂಕ ಸಮರಕ್ಕೆ ಬಹಳ ಮುಂಚೆ. ಅಗ್ಗದ ಕೂಲಿ ಮತ್ತು ತೆರಿಗೆ ರಿಯಾಯಿತಿ ಅದನ್ನು ಸೆಳೆದಿದ್ದವು. ನಮ್ಮಲ್ಲೂ ತೈವಾನಿನ ವಿಸ್ಟ್ರಾನ್ ಬೆಂಗಳೂರಿನ ಪೀಣ್ಯದಲ್ಲಿ ಐಫೋನ್ ಎಸ್‌ಇ ಜೋಡಣೆ ಆರಂಭಿಸಿದ್ದು 2017ರಲ್ಲಿ, ಅಮೆರಿಕ ಚೀನಾದ ಮೇಲೆ ಸುಂಕ ಹೇರುವ ಮೊದಲೇ. ಅದೇ ಕಂಪನಿ ಕೋಲಾರದ ನರಸಾಪುರದಲ್ಲಿ ಕಟ್ಟಿದ ಘಟಕವನ್ನು ಕೊಳ್ಳುವ ಒಪ್ಪಂದವನ್ನು 2023ರಲ್ಲಿ ಟಾಟಾ ಎಲೆಕ್ಟ್ರಾನಿಕ್ಸ್ ಮಾಡಿಕೊಂಡಿತು. ಫಾಕ್ಸ್‌ಕಾನ್ ದೇವನಹಳ್ಳಿಯ ಬಳಿ ಸುಮಾರು 300 ಎಕರೆಯಲ್ಲಿ ಎಬ್ಬಿಸಿದ ಘಟಕ 2025ರಲ್ಲಿ ಐಫೋನ್ 17ರ ಜೋಡಣೆಗೆ ತೊಡಗಿತು. ಹೀಗೆ ನಿಧಾನವಾಗಿ ಸಾಗುತ್ತಿದ್ದ ಬಂಡಿಯನ್ನು ಸುಂಕ ಜೋರಾಗಿ ತಳ್ಳಿತು.

ಎಷ್ಟು ಜೋರಾಗಿ ಎಂಬುದಕ್ಕೆ 2025ರ ಮಾರ್ಚ್ ಮತ್ತು ಏಪ್ರಿಲ್ ಸಾಕ್ಷಿ. ಹೊಸ ಸುಂಕ ಜಾರಿಯಾಗುವ ಮೊದಲೇ ದಾಸ್ತಾನು ಸೇರಿಸಿಕೊಳ್ಳಲು ಆಪಲ್ ಚೆನ್ನೈನಿಂದ ಬಾಡಿಗೆಯ ಸರಕು ವಿಮಾನಗಳಲ್ಲಿ ಸುಮಾರು 600 ಟನ್ ಐಫೋನುಗಳನ್ನು ಅಮೆರಿಕಕ್ಕೆ ಸಾಗಿಸಿತೆಂದು ಸುದ್ದಿಸಂಸ್ಥೆಗಳು ವರದಿ ಮಾಡಿದವು. ಮೇ 1ರಂದು, ಆಗ ಆಪಲ್‌ನ ಮುಖ್ಯಸ್ಥರಾಗಿದ್ದ ಟಿಮ್ ಕುಕ್ ಅವರು, ಜೂನ್ ತ್ರೈಮಾಸಿಕದಲ್ಲಿ ಅಮೆರಿಕದಲ್ಲಿ ಮಾರಾಟವಾಗುವ ಬಹುಪಾಲು ಐಫೋನುಗಳ ಮೂಲ ದೇಶ ಭಾರತವಾಗಿರುತ್ತದೆ ಎಂದರು. ಎರಡು ವಾರದೊಳಗೆ ಡೊನಾಲ್ಡ್ ಟ್ರಂಪ್, ಆಪಲ್ ಭಾರತದಲ್ಲಿ ಕಾರ್ಖಾನೆ ಕಟ್ಟುವುದು ತನಗೆ ಬೇಕಿಲ್ಲ ಎಂದು ದೋಹಾದಲ್ಲಿ ಹೇಳಿದರು. ಅಮೆರಿಕಕ್ಕೆ ಕಾರ್ಖಾನೆ ಬರಲಿ ಎಂದು ಹಾಕಿದ ಸುಂಕ ಕಾರ್ಖಾನೆಯನ್ನು ದೇವನಹಳ್ಳಿಯ ಕಡೆಗೆ ತಿರುಗಿಸಿತ್ತು.

ಅಮೆರಿಕಕ್ಕೇ ಏಕೆ ಹೋಗಲಿಲ್ಲ? ಕೂಲಿ ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಸಮಯ. ಕಾರ್ಖಾನೆ ಕಟ್ಟಿ, ಯಂತ್ರ ಕೂರಿಸಿ, ಸಾವಿರಾರು ಜನರಿಗೆ ಕೈಪಳಗಿಸಿ, ಕೆಟ್ಟ ಫೋನುಗಳ ಪ್ರಮಾಣವನ್ನು ಒಪ್ಪುವ ಮಟ್ಟಕ್ಕೆ ಇಳಿಸಲು ಎರಡು ಮೂರು ವರ್ಷ ಬೇಕು. ಸುಂಕವೋ 2025ರ ಏಪ್ರಿಲ್‌ನಲ್ಲಿ ವಾರಕ್ಕೊಮ್ಮೆ ಬದಲಾಯಿತು. ಮುಂದಿನ ತಿಂಗಳ ದರವೇ ತಿಳಿಯದಿರುವಾಗ ಹತ್ತು ವರ್ಷದ ಬಂಡವಾಳವನ್ನು ಯಾರೂ ಹೂಡುವುದಿಲ್ಲ. ಈಗಾಗಲೇ ಎದ್ದು ನಿಂತಿರುವ ಕಾರ್ಖಾನೆಯಲ್ಲಿ ಇನ್ನೊಂದು ಪಾಳಿ ನಡೆಸುತ್ತಾರೆ, ಅಷ್ಟೆ. ಭಾರತ ಮತ್ತು ವಿಯೆಟ್ನಾಂ ಗೆದ್ದದ್ದು ಆಗಲೇ ತಯಾರಾಗಿದ್ದವೆಂಬ ಕಾರಣಕ್ಕೆ.

ನಮ್ಮದೇ ಗೋಡೆ

ಇತರರ ಸುಂಕದಿಂದ ಲಾಭ ಪಡೆದ ಭಾರತ ತಾನೂ ಸುಂಕದ ಗೋಡೆ ಕಟ್ಟಿದ ದೇಶವೇ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಯಾದ ದಿನವೇ ಆಮದು ಫೋನಿನ ಮೇಲೆ ಶೇ 10ರ ಮೂಲ ಸುಂಕ ಬಂತು. ಡಿಸೆಂಬರಿನಲ್ಲಿ ಅದು ಶೇ 15, ಮುಂದಿನ ಫೆಬ್ರುವರಿಯಲ್ಲಿ ಶೇ 20 ಆಯಿತು. ಇದರ ಜೊತೆಗೆ ಹಂತಹಂತದ ಉತ್ಪಾದನಾ ಕಾರ್ಯಕ್ರಮವೊಂದಿತ್ತು: ಮೊದಲು ಚಾರ್ಜರ್ ಮತ್ತು ಬ್ಯಾಟರಿ, ಆಮೇಲೆ ಸರ್ಕ್ಯೂಟ್ ಬೋರ್ಡಿನ ಜೋಡಣೆ, ಕ್ಯಾಮೆರಾ ಮಾಡ್ಯೂಲ್, ಕೊನೆಗೆ ತೆರೆ. ಒಂದೊಂದೇ ಬಿಡಿಭಾಗಕ್ಕೆ ಸುಂಕ ಹಾಕುತ್ತ ಹೋದರೆ ಒಂದೊಂದನ್ನೇ ಇಲ್ಲಿ ಮಾಡತೊಡಗುತ್ತಾರೆಂಬುದು ಎಣಿಕೆ. 2020ರಲ್ಲಿ, ಹೆಚ್ಚುವರಿ ಮಾರಾಟದ ಶೇ 4ರಿಂದ 6ರಷ್ಟನ್ನು ಸರ್ಕಾರವೇ ಕೊಡುವ ಉತ್ಪಾದನೆ ಆಧಾರಿತ ಪ್ರೋತ್ಸಾಹಧನ (ಪಿಎಲ್‌ಐ) ಯೋಜನೆಯೂ ಸೇರಿತು. ಸುಂಕ ಬೆತ್ತವಾದರೆ ಇದು ಬೆಲ್ಲ.

ಫಲ ಸಣ್ಣದೇನಲ್ಲ. ಸರ್ಕಾರದ ಅಂಕಿ ಅಂಶದ ಪ್ರಕಾರ 2014-15ರಲ್ಲಿ ₹1,500 ಕೋಟಿಯಷ್ಟಿದ್ದ ಮೊಬೈಲ್ ರಫ್ತು 2024-25ರಲ್ಲಿ ₹2 ಲಕ್ಷ ಕೋಟಿ ತಲುಪಿತು. ದೇಶದಲ್ಲಿ ಮಾರಾಟವಾಗುವ ಫೋನುಗಳಲ್ಲಿ ಬಹುತೇಕ ಎಲ್ಲವೂ ಇಲ್ಲೇ ಜೋಡಣೆಯಾಗುತ್ತವೆ. ಆದರೆ ಐರೋಪ್ಯ ಒಕ್ಕೂಟ, ಜಪಾನ್ ಮತ್ತು ತೈವಾನ್ ಈ ಸುಂಕದ ವಿರುದ್ಧ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಒಯ್ದವು. 1990ರ ದಶಕದ ಮಾಹಿತಿ ತಂತ್ರಜ್ಞಾನ ಒಪ್ಪಂದದಲ್ಲಿ ಇಂಥ ಸರಕಿಗೆ ಸುಂಕ ಹಾಕುವುದಿಲ್ಲವೆಂದು ಭಾರತ ಒಪ್ಪಿತ್ತು ಎನ್ನುವುದು ಅವುಗಳ ವಾದ. ಇಂದಿನ ಸ್ಮಾರ್ಟ್‌ಫೋನು ಆ ಕಾಲದಲ್ಲಿ ಇರಲೇ ಇಲ್ಲ ಎನ್ನುವುದು ಭಾರತದ ವಾದ. 2023ರ ಏಪ್ರಿಲ್‌ನಲ್ಲಿ ಸಂಸ್ಥೆಯ ಸಮಿತಿ ಭಾರತದ ವಿರುದ್ಧ ತೀರ್ಪು ಕೊಟ್ಟಿತು. ಮೇಲ್ಮನವಿ ಕೇಳಬೇಕಾದ ಪೀಠವೇ 2019ರ ಡಿಸೆಂಬರಿನಿಂದ ನಿಷ್ಕ್ರಿಯವಾಗಿರುವುದರಿಂದ ವ್ಯಾಜ್ಯ ಅಂತ್ಯ ಕಾಣಲಿಲ್ಲ.

ಲ್ಯಾಪ್‌ಟಾಪಿನ ವಿಷಯದಲ್ಲಿ ಅಂಥ ವಾದಕ್ಕೂ ಎಡೆಯಿರಲಿಲ್ಲ. ಅದಕ್ಕೆ ಶೂನ್ಯ ಸುಂಕವೆಂದು ಸ್ಪಷ್ಟವಾಗಿ ಒಪ್ಪಿಯಾಗಿತ್ತು. ಹಾಗಾಗಿ 2023ರ ಆಗಸ್ಟ್ 3ರಂದು ಸರ್ಕಾರ ಸುಂಕದ ಬದಲು ಪರವಾನಗಿಯ ದಾರಿ ಹಿಡಿದು, ಲ್ಯಾಪ್‌ಟಾಪ್ ಆಮದಿಗೆ ಲೈಸೆನ್ಸ್ ಬೇಕೆಂದಿತು. ಉದ್ಯಮ ಮತ್ತು ಹೊರದೇಶಗಳು ಆಕ್ಷೇಪಿಸಿದ ಮೇಲೆ ಅದನ್ನು ಸಡಿಲಿಸಿ, ಆಮದಿನ ಮೇಲೆ ನಿಗಾ ಇಡುವ ನೋಂದಣಿ ವ್ಯವಸ್ಥೆಯನ್ನಷ್ಟೇ ಉಳಿಸಿಕೊಂಡಿತು. ಸುಂಕದ ಬಾಗಿಲು ಮುಚ್ಚಿದ್ದಾಗ ಸರ್ಕಾರಗಳು ಕಿಟಕಿಯತ್ತ ನೋಡುವುದು ಹೀಗೆ.

ಗೋಡೆ ದಶಕಗಟ್ಟಲೆ ನಿಂತರೆ ಏನಾಗುತ್ತದೆ ಎಂಬುದಕ್ಕೆ ಅರ್ಜೆಂಟೀನಾವನ್ನು ನೋಡಬಹುದು. ದೇಶದ ದಕ್ಷಿಣದ ತುದಿಯ ಟಿಯೆರಾ ಡೆಲ್ ಫುಯೆಗೊ ದ್ವೀಪದಲ್ಲಿ ತೆರಿಗೆ ರಿಯಾಯಿತಿ ಕೊಟ್ಟು, ಆಮದಿನ ಮೇಲೆ ದೊಡ್ಡ ಸುಂಕ ಹಾಕಿ, ಫೋನು ಮತ್ತು ಟೀವಿ ಜೋಡಿಸುವ ಉದ್ಯಮವನ್ನು ಬೆಳೆಸಲಾಯಿತು. ಬಿಡಿಭಾಗಗಳು ಏಷ್ಯಾದಿಂದ ಅರ್ಧ ಭೂಮಿ ಸುತ್ತಿ ಆ ದ್ವೀಪಕ್ಕೆ ಹೋಗಿ, ಜೋಡಣೆಯಾಗಿ, ಮತ್ತೆ ಸಾವಿರಾರು ಕಿಲೋಮೀಟರ್ ಉತ್ತರಕ್ಕೆ ಬರಬೇಕು. ಅರ್ಜೆಂಟೀನಾದವರು ಫೋನು ಕೊಳ್ಳಲು ಗಡಿ ದಾಟಿ ಚಿಲಿಗೆ ಹೋಗುವುದು ರೂಢಿಯೇ ಆಯಿತು. ನಮ್ಮ ಕರಾವಳಿಯ ಮನೆಗಳಲ್ಲಿ ಗಲ್ಫಿನಿಂದ ಬರುವ ನೆಂಟರಿಗೆ ಫೋನು ತರಲು ಹೇಳಿಕಳಿಸುವವರಿಗೆ ಈ ತರ್ಕವನ್ನು ವಿವರಿಸಬೇಕಾಗಿಲ್ಲ. 2025ರ ಮೇ ತಿಂಗಳಲ್ಲಿ ಹವಿಯೆರ್ ಮಿಲೈ ಸರ್ಕಾರ ಫೋನಿನ ಮೇಲಿನ ಸುಂಕವನ್ನು ಶೇ 16ರಿಂದ 8ಕ್ಕೆ, ಮುಂದಿನ ಜನವರಿಯಲ್ಲಿ ಸೊನ್ನೆಗೆ ಇಳಿಸುವುದಾಗಿ ಘೋಷಿಸಿದಾಗ ದ್ವೀಪದ ಕಾರ್ಮಿಕರು ಮುಷ್ಕರ ಹೂಡಿದರು. ಅವರ ಸಿಟ್ಟು ಅಕಾರಣವಲ್ಲ; ಆ ಊರುಗಳು ಬೆಳೆದದ್ದೇ ಸುಂಕದ ನೆರಳಿನಲ್ಲಿ.

ಭಾರತದ ಸ್ಥಿತಿ ಅರ್ಜೆಂಟೀನಾದಂತಲ್ಲ, ಏಕೆಂದರೆ ನಮ್ಮ ಫೋನುಗಳು ಹೊರಗೂ ಮಾರಾಟವಾಗುತ್ತವೆ. ಆದರೆ ರಫ್ತು ಶುರುವಾದೊಡನೆ ಸುಂಕದ ಗಣಿತವೇ ತಿರುಗಿಬೀಳುತ್ತದೆ. ದೇಶದೊಳಗೆ ಮಾರುವ ಫೋನಿಗೆ ಬಿಡಿಭಾಗದ ಸುಂಕ ಗಿರಾಕಿಯ ಮೇಲೆ ಬೀಳುತ್ತದೆ, ಹೇಗೋ ನಡೆಯುತ್ತದೆ. ಹೊರಗೆ ಮಾರುವ ಫೋನು ವಿಯೆಟ್ನಾಮಿನ ಫೋನಿನೊಡನೆ ಸೆಣಸಬೇಕು. ಅಲ್ಲಿ ನಮ್ಮ ಬಿಡಿಭಾಗದ ಸುಂಕ ನಮ್ಮದೇ ಕಾಲಿಗೆ ಕಟ್ಟಿದ ಕಲ್ಲು. 2024ರ ಜನವರಿಯ ಕೊನೆಗೆ ಕೇಂದ್ರ ಸರ್ಕಾರ ಹಲವು ಬಿಡಿಭಾಗಗಳ ಸುಂಕವನ್ನು ಶೇ 15ರಿಂದ 10ಕ್ಕೆ ಇಳಿಸಿದ್ದು, ಜುಲೈಯಲ್ಲಿ ಸರ್ಕ್ಯೂಟ್ ಬೋರ್ಡ್ ಜೋಡಣೆ ಮತ್ತು ಚಾರ್ಜರಿನ ಸುಂಕವನ್ನೂ ತಗ್ಗಿಸಿದ್ದು ಇದೇ ದಿಕ್ಕಿನ ನಡೆ. ಟೀವಿಯಲ್ಲಿ ಇನ್ನೊಂದು ತೊಡಕು ಕಾಣುತ್ತದೆ. ಟೀವಿಯ ವೆಚ್ಚದ ಬಹುಭಾಗ ಅದರ ತೆರೆಯಾದ ಓಪನ್ ಸೆಲ್ಲಿನದು, ಅದು ಹೊರಗಿನಿಂದಲೇ ಬರಬೇಕು. ಕಚ್ಚಾ ಭಾಗಗಳ ಸುಂಕ ತಯಾರಾದ ವಸ್ತುವಿನ ಸುಂಕಕ್ಕಿಂತ ಹೆಚ್ಚಾದರೆ, ಇಲ್ಲಿ ಮಾಡುವುದಕ್ಕಿಂತ ತಯಾರಾದದ್ದನ್ನು ತರಿಸುವುದೇ ಅಗ್ಗವಾಗುತ್ತದೆ. ಈ ತಲೆಕೆಳಗಾದ ಸುಂಕವನ್ನು ನೇರ ಮಾಡಲು 2025ರ ಬಜೆಟ್ ಓಪನ್ ಸೆಲ್ಲಿನ ಸುಂಕವನ್ನು ಶೇ 5ಕ್ಕೆ ತಂದು, ತಯಾರಾದ ಇಂಟರ್ಯಾಕ್ಟಿವ್ ಫ್ಲಾಟ್ ಪ್ಯಾನೆಲ್‌ಗಳ (ತರಗತಿ, ಸಭೆಗಳಲ್ಲಿ ಬಳಸುವ ದೊಡ್ಡ ಸ್ಪರ್ಶ ತೆರೆಗಳು) ಸುಂಕವನ್ನು ಶೇ 20ಕ್ಕೆ ಏರಿಸಿತು. ಬಿಡಿಭಾಗಗಳನ್ನು ಇಲ್ಲೇ ಮಾಡಿಸುವ ಕೆಲಸವನ್ನು ಸುಂಕದ ಕೈಯಿಂದ ಬಿಡಿಸಿ, 2025ರ ಮಾರ್ಚಿನಲ್ಲಿ ಒಪ್ಪಿದ ₹22,919 ಕೋಟಿಯ ಪ್ರತ್ಯೇಕ ಪ್ರೋತ್ಸಾಹ ಯೋಜನೆಗೆ ವಹಿಸಲಾಗಿದೆ.

ಇನ್ನೊಂದು ಪ್ರಶ್ನೆ ಉಳಿಯುತ್ತದೆ: ಇಲ್ಲೇ ಮಾಡಿದರೆ ನಮಗೆ ಅಗ್ಗವಾಗಬೇಕಲ್ಲವೇ? ಐಫೋನ್ 17ರ ಎಲ್ಲ ಮಾದರಿಗಳನ್ನೂ ಬಿಡುಗಡೆಯ ಹೊತ್ತಿಗೇ ಭಾರತದಲ್ಲಿ ಜೋಡಿಸಲಾಗುತ್ತಿದೆ ಎಂದು ವರದಿಗಳಿದ್ದವು. ಪ್ರೊ ಮಾದರಿಯ ಅಮೆರಿಕದ ಬೆಲೆ ಸ್ಥಳೀಯ ತೆರಿಗೆ ಬಿಟ್ಟು 1,099 ಡಾಲರ್ ಆಗಿತ್ತು. ಆಗಿನ ಸುಮಾರು ₹88ರ ವಿನಿಮಯ ದರದಲ್ಲಿ ಅದು ₹96,700 ಆಗುತ್ತದೆ. ಶೇ 18ರ ಜಿಎಸ್‌ಟಿ ಸೇರಿಸಿದರೆ ₹1,14,100ರ ಆಸುಪಾಸು. ಭಾರತದಲ್ಲಿ ಅದೇ ಫೋನಿನ ಬೆಲೆ ಆಗ ₹1,34,900 ಇತ್ತು. ನಡುವಿನ ಇಪ್ಪತ್ತು ಸಾವಿರದಲ್ಲಿ ಬಿಡಿಭಾಗಗಳ ಸುಂಕ ಸ್ವಲ್ಪ, ರೂಪಾಯಿ ಕುಸಿಯಬಹುದೆಂಬ ಮುಂಜಾಗ್ರತೆ ಸ್ವಲ್ಪ, ವಿತರಣೆಯ ಖರ್ಚು ಸ್ವಲ್ಪ ಇರಬಹುದು. ಮಿಕ್ಕದ್ದು ಮಾರುಕಟ್ಟೆ ತಾಳಿಕೊಳ್ಳುವಷ್ಟು ಕೇಳುವ ಹಳೆಯ ವ್ಯಾಪಾರ ಎಂದು ನನ್ನ ಅನಿಸಿಕೆ. ಆಮದು ಫೋನಿಗೆ ಸರ್ಚಾರ್ಜ್ ಸೇರಿ ಶೇ 16.5ರ ಗೋಡೆ ಇರುವವರೆಗೆ, ಇಲ್ಲಿ ಜೋಡಿಸಿದ ಫೋನು ಆ ಗೋಡೆಯ ಎತ್ತರದವರೆಗೂ ಏರಬಹುದು. ಆಗ ಸುಂಕ ಖಜಾನೆಗೆ ಹೆಚ್ಚೇನನ್ನೂ ತರುವುದಿಲ್ಲ, ಏಕೆಂದರೆ ಆಮದೇ ಇಲ್ಲ. ಗಿರಾಕಿ ತೆರುವ ಹಣ ಮಾತ್ರ ಆಮದು ಇದ್ದಾಗಿನಷ್ಟೇ ಇರುತ್ತದೆ. ಕಸ್ಟಮ್ಸ್‌ಗೆ ಹೋಗುತ್ತಿದ್ದ ಪಾಲು ಕಂಪನಿಯ ಕೈ ಸೇರುತ್ತದೆ.